ಗುಳ್ಳವ್ವ ಹೊರಟ ಬೆಳಿಗ್ಗೆ

ಆಷಾಢದ ಬುಧವಾರ ಬೆಳಿಗ್ಗೆ ನಾನು ಹುಬ್ಬಳ್ಳಿಯ ನಮ್ಮ ಓಣಿಯ ಹಳೆಯ ಹತ್ತಿ ಗೋದಾಮಿನ ಬಾಗಿಲಲ್ಲಿ ನಿಂತಿದ್ದೆ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದ ಓಣಿಗೆ ಒಂದು ಕಲಾಮನೆ ಇರಲೆಂದು ನಾವು ಕೆಲವರು ಅಂದು ಆ ಗೋದಾಮನ್ನೇ ಕಲಾಮನೆಯಾಗಿ ತೆರೆಯುವವರಿದ್ದೆವು. ಒಳಗೆ ಮೇಜಿನ ಮೇಲೆ ಪ್ರದರ್ಶನಕ್ಕಿದ್ದದ್ದು ಓಣಿಯ ಹುಡುಗಿಯರು ಹಿಂದಿನ ದಿನ ಆಷಾಢದ ಮಂಗಳವಾರದ ಹಬ್ಬಕ್ಕೆ ಮಾಡಿ ಪೂಜಿಸಿದ ಗುಳ್ಳವ್ವ ಎಂಬ ದೇವಿಯ ಮಣ್ಣಿನ ಗೊಂಬೆಗಳು ಮಾತ್ರ.

ಎದುರುಮನೆಯ ಗಂಗವ್ವಜ್ಜಿ ಬಂದವರೇ ಅವನ್ನೆಲ್ಲ ಬುಟ್ಟಿಗೆ ತುಂಬತೊಡಗಿದರು.

“ಅಜ್ಜಿ, ಏನ್ ಮಾಡಾಕತ್ತೀರಿ? ಮಂದಿ ನೋಡಾಕ ಬರ್ತಾರ!”

“ಮಂಗಳವಾರ ಮುಗೀತಲ್ಲೋ ತಮ್ಮಾ. ಗುಳ್ಳವ್ವನ್ನ ಕಳಸಬೇಕು. ಹಿಂಗ ಹಿಡದ ಇಟ್ಕೋತಾರೇನು?”

ಮಾಡಿದ ಹುಡುಗಿಯರೇ ಹಾಡುತ್ತ ಅವರ ಹಿಂದೆ ಹೋಗಿ ಗುಳ್ಳವ್ವಗಳನ್ನು ಬಾವಿಗೆ ಬಿಟ್ಟು ಬಂದರು. ತಡೆಯಬೇಕಿತ್ತೋ, ಜೊತೆಗೆ ಹೋಗಬೇಕಿತ್ತೋ ತಿಳಿಯದೆ ಖಾಲಿ ಮೇಜಿನ ಮುಂದೆ ನಿಂತೆ.

ಬಂದವರಿಗೆ ಏನು ತೋರಿಸಬೇಕಿತ್ತೆಂದು ನನಗೆ ಇಂದಿಗೂ ಹೊಳೆದಿಲ್ಲ. ಅಜ್ಜಿ ಈಗಿಲ್ಲ. ಅಂದು ಬುಟ್ಟಿ ಹಿಡಿದಿದ್ದ ಅವರ ಮೊಮ್ಮಗಳು ಶಾಂತಾ ಇದ್ದಾಳೆ. ಪ್ರತಿ ಆಷಾಢ ಕಲಾಮನೆಯ ಅದೇ ಮೇಜಿನ ಮೇಲೆ ಹೊಸ ಗುಳ್ಳವ್ವನಿಗೆ ಮಣ್ಣು ಕಲಸುತ್ತಾಳೆ.