ಜಡೆ ಎಣಿಸಿಕೊಟ್ಟ ಎರಡು ಸುತ್ತು

ಆಗೆಲ್ಲ ಮನೆಗೊಂದು ಟಚ್ ಫೋನು ಇದ್ದರೆ ಅದೇ ಹೆಚ್ಚು. ತಲೆಗೊಂದು ಅನ್ನುವ ಕಾಲ ಇನ್ನೂ ಬಂದಿರಲಿಲ್ಲ. ತಾಳಗುಂದದ ನಮ್ಮ ಮನೆಯಲ್ಲಿ ಅದೂ ಇರಲಿಲ್ಲ. ಅಪ್ಪನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು, ಕುರಿ ಮೇಯಿಸಲು ಹೋದಾಗ ಅದಕ್ಕೆ ನೆಟ್‌ವರ್ಕೂ ಸಿಗುತ್ತಿರಲಿಲ್ಲ. ಬೇಸಿಗೆ ರಜೆ ಬಂತೆಂದರೆ ನಾನು ಆನವಟ್ಟಿಯ ಅತ್ತೆ ಮನೆಗೆ ಓಡುತ್ತಿದ್ದೆ. ಅಲ್ಲಿ ಮಾವನ ಮೊಬೈಲ್ ರಿಪೇರಿ ಅಂಗಡಿ ಇತ್ತು. ನನ್ನ ವಯಸ್ಸಿನವಳೇ ಆದ ಅವರ ಮಗಳು ಚೈತ್ರಾ ಇದ್ದಳು.

ನಾನು ಐದನೇ ಕ್ಲಾಸು ಮುಗಿಸಿದ ವರ್ಷ, ವರ್ಗವಾಗಿ ಊರು ಬಿಟ್ಟ ಯಾರೋ ಒಬ್ಬರು ಕೆಟ್ಟುಹೋದ ಆಟಿಕೆಯೊಂದನ್ನು ಮಾವನ ಅಂಗಡಿಯಲ್ಲಿ ಬಿಟ್ಟು ಹೋಗಿದ್ದರು. ಕಪ್ಪು ಪ್ಲಾಸ್ಟಿಕ್ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಎಂಟರ ಅಂಕಿಯಂಥ ರಸ್ತೆ. ಅದರ ಮೇಲೆ ಎರಡು ಗೀರು. ಕಾರಿನ ಅಡಿಯಲ್ಲಿರುವ ಮೊಳೆ ಗೀರಿನೊಳಗೆ ಕೂತರೆ ಪಕ್ಕದ ತಂತಿಯಿಂದ ಕರೆಂಟು ಹತ್ತಿ ಕಾರು ಓಡುತ್ತದೆ. ಕೈಯಲ್ಲೊಂದು ಗುಂಡಿ. ಒತ್ತಿದಷ್ಟೂ ಜೋರು, ತಿರುವಿನಲ್ಲಿ ಸಡಿಲ ಬಿಡದಿದ್ದರೆ ಕಾರು ಹಾರಿ ಮಂಚದ ಕೆಳಗೆ. ಮಾವ ಎರಡು ದಿನ ಕೂತು ಬೆಸುಗೆ ಹಾಕಿ ಅದನ್ನು ಎಬ್ಬಿಸಿದರು. ಬಿಸಿಯಾದ ಮೋಟರಿನ ಆ ಸುಟ್ಟ ವಾಸನೆ, ಅತ್ತೆ ಕೊಡುತ್ತಿದ್ದ ಒಗ್ಗರಣೆ ಮಂಡಕ್ಕಿಯ ವಾಸನೆ ಎರಡೂ ಸೇರಿಯೇ ಈಗಲೂ ನೆನಪಾಗುವುದು.

ಕೆಂಪು ಕಾರು ನನ್ನದು, ನೀಲಿ ಚೈತ್ರಾಳದು. ಮೊದಲ ವಾರ ನಾವು ಸುತ್ತಿಗೊಂದು ಮೆಕ್ಕೆಜೋಳದ ಕಾಳು ಇಟ್ಟು ಎಣಿಸುತ್ತಿದ್ದೆವು. ಕಾಳು ಚೆಲ್ಲಾಪಿಲ್ಲಿಯಾಗುತ್ತಿತ್ತು, ಜಗಳವಾಗುತ್ತಿತ್ತು, ಜೋರು ಬಾಯಿ ನನ್ನದಾದ್ದರಿಂದ ನಾನೇ ಗೆಲ್ಲುತ್ತಿದ್ದೆ.

"ಥೋ, ನಿಮ್ಮ ಗಲಾಟೆ ಸಾಕು ಮಾರಾಯ್ತಿ," ಅಂತ ಒಂದು ಸಂಜೆ ಮಾವ ಸುತ್ತು ಎಣಿಸುವ ಆ್ಯಪ್ ಹಾಕಿದ ತಮ್ಮ ಟಚ್ ಫೋನು ತಂದರು. ಎರಡು ಸ್ಟೂಲಿನ ನಡುವೆ ಸ್ಕೇಲಿಟ್ಟು, ಅದರ ಮೇಲೆ ಫೋನು ಮಲಗಿಸಿ, ಕ್ಯಾಮೆರಾ ರಸ್ತೆಯ ಮೇಲಿನ ಬಿಳಿ ಗೆರೆಯನ್ನು ನೋಡುವಂತೆ ಮಾಡಿದರು. ಕಾರು ಗೆರೆ ದಾಟಿದಾಗೆಲ್ಲ ಫೋನು 'ಟಿಂಗ್' ಅನ್ನುತ್ತಿತ್ತು. ಪರದೆಯಲ್ಲಿ ಎಡಕ್ಕೆ ನನ್ನ ಸುತ್ತು, ಬಲಕ್ಕೆ ಅವಳದು, ಕೆಳಗೆ ಎಷ್ಟು ಸೆಕೆಂಡು ಅಂತ.

ಅವತ್ತೇ ಗೊತ್ತಾಯಿತು, ಚೈತ್ರಾ ನನಗಿಂತ ಜೋರು. ಒಂದು ದಿನವಲ್ಲ, ದಿನಾ. ನಾನು ಹದಿನೆಂಟು ಸುತ್ತಿನಲ್ಲಿದ್ದಾಗ ಅವಳು ಇಪ್ಪತ್ತು ಮುಗಿಸಿರುತ್ತಿದ್ದಳು. ಅವಳು ಗೆದ್ದಾಗ ಮಾವ ಮಂಡಿಯೂರಿ ಕೂತು, "ಸುತ್ತಿಗೆ ನಾಲ್ಕೂವರೆ ಸೆಕೆಂಡು! ಶಹಬ್ಬಾಸ್ ಮಗಳೇ," ಅಂತ ಅವಳ ಬೆನ್ನು ತಟ್ಟುತ್ತಿದ್ದರು. ಆ ಕೈಯನ್ನು ನೋಡಲಾರದೆ ನಾನು ಕಾರಿನ ಚಕ್ರ ಒರೆಸುತ್ತಾ ಕೂರುತ್ತಿದ್ದೆ. ಊಟಕ್ಕೆ ಕೂತರೆ ಅವಳ ತಟ್ಟೆಯ ರೊಟ್ಟಿಯೇ ದೊಡ್ಡದಾಗಿ ಕಾಣುತ್ತಿತ್ತು. ಅವಳಿಗೆ ಜ್ವರ ಬರಲಿ ಅಂತ ಬೇಡಿಕೊಂಡದ್ದೂ ಉಂಟು.

ಒಂದು ದಿನ ಬಗ್ಗಿ ಕಾರು ಎತ್ತಿಡುವಾಗ ನನ್ನ ಜಡೆ ಫೋನಿನ ಕೆಳಗೆ, ನನ್ನ ಗೀರಿನ ಮೇಲೆ ಜೋತು ಬಿತ್ತು. 'ಟಿಂಗ್.' ನನ್ನ ಲೆಕ್ಕ ಒಂದು ಮೇಲೆ ಹೋಯಿತು.

"ನೋಡೇ ಪವಿ, ನಿನ್ ಜಡೆನೂ ರೇಸಿಗೆ ಬಂತು!" ಅಂತ ಚೈತ್ರಾ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಮರೆಯಲಿಲ್ಲ.

ನಾನು ಊರಿಗೆ ಹೊರಡುವ ಹಿಂದಿನ ದಿನ ಮಾವ ಹೇಳಿದರು: "ಇವತ್ತು ಕೊನೇ ರೇಸು. ಇಪ್ಪತ್ತು ಸುತ್ತು. ಗೆದ್ದೋರ ಮನೇಲಿ ಮುಂದಿನ ರಜೆ ತನಕ ಈ ಸೆಟ್ಟು."

ಐದು ಸುತ್ತು ಉಳಿದಿರುವಾಗ ಚೈತ್ರಾ ಒಂದು ಸುತ್ತು ಮುಂದಿದ್ದಳು. ಮಾವ ಅವಳ ಹಿಂದೆ ನಿಂತು "ತಿರುವಲ್ಲಿ ಬಿಡು, ಬಿಡು, ಈಗ ಒತ್ತು," ಅನ್ನುತ್ತಿದ್ದರು. ಎಲ್ಲರ ಕಣ್ಣೂ ನೀಲಿ ಕಾರಿನ ಮೇಲೆ. ನಾನು ಕಾರನ್ನು ಹತ್ತಿರದಿಂದ ನೋಡುವವಳಂತೆ ಬಗ್ಗಿದೆ. ಜಡೆ ಮುಂದೆ ಬಿತ್ತು. 'ಟಿಂಗ್.' ಇನ್ನೊಂದು ಸಲ ಬಗ್ಗಿದೆ.

ಫೋನು ನನ್ನನ್ನು ಗೆಲ್ಲಿಸಿತು. ಮಾವ ಒಂದು ಕ್ಷಣ ಹುಬ್ಬೇರಿಸಿ, "ಆಯ್ತಪ್ಪ, ಫೋನು ಹೇಳಿದ ಮೇಲೆ ಮುಗೀತು," ಅಂದು ನನ್ನ ಬೆನ್ನೂ ತಟ್ಟಿದರು. ಚೈತ್ರಾಳೇ ಕಾರುಗಳನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ತುಂಬಿಕೊಟ್ಟಳು.

ಮರುದಿನ ಕರೆದುಕೊಂಡು ಹೋಗಲು ಬಂದ ಅಪ್ಪ ದಾರಿಯುದ್ದಕ್ಕೂ ಆ ಡಬ್ಬಿಯನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡಿದ್ದ. ನಾನು ಗೆದ್ದ ಸುದ್ದಿಯನ್ನು ಓಣಿಗೆಲ್ಲ ಹೇಳಿದ. ಸಂಜೆ ಕುರಿ ದೊಡ್ಡಿಗೆ ಸೇರಿದ ಮೇಲೆ ಪಡಸಾಲೆಯಲ್ಲಿ ರಸ್ತೆ ಜೋಡಿಸಿ, "ಬಿಡು ನೋಡಾಣ," ಅಂದ.

"ಎಣಿಸಾಕೆ ಆ ಥರದ ಫೋನಿಲ್ಲಲ್ಲಪ್ಪ."

"ನಾ ಎಣಿಸ್ತೀನಿ ತಗ. ದಿನಾ ಕುರಿ ಎಣಿಸಲ್ವಾ?"

ಕುರಿಗಳು ದೊಡ್ಡಿಯ ಬಾಗಿಲು ದಾಟುವಾಗ ಬೆರಳು ಮಡಚುತ್ತಾನಲ್ಲ, ಹಾಗೇ ಮಡಚುತ್ತಾ ಕೂತ. ಒಂದು ಸಲವೂ ಕಣ್ಣು ಆಚೀಚೆ ಹೋಗಲಿಲ್ಲ.

"ಇಪ್ಪತ್ತು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ. ಅಲ್ಲೂ ಹಿಂಗೇ ಗೆದ್ದೇನವ್ವಾ?"

ನನಗೆ ಅಳು ತಡೆಯಲಾಗಲಿಲ್ಲ. ಬಿಕ್ಕುತ್ತಲೇ ಎಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ. ಸುಮ್ಮನೆ ರಸ್ತೆಯ ತುಂಡುಗಳನ್ನು ಒಂದೊಂದಾಗಿ ಬಿಚ್ಚಿ, "ನಾಳಿ ಬೆಳಿಗ್ಗೆ ಬಸ್ಸಿಗೆ ಹೋಗಿ ಕೊಟ್ಟು ಬರಾಣ," ಅಂದ. ಕುರಿ ಕಾಯಲು ದೊಡ್ಡಪ್ಪನಿಗೆ ಹೇಳಿ ಬಂದ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಆನವಟ್ಟಿ ಮುಟ್ಟಿದಾಗ ಮಾವ ಅಂಗಡಿ ಬಾಗಿಲು ತೆಗೆಯುತ್ತಿದ್ದರು. "ಏನು, ಆಗ್ಲೇ ಕೆಡ್ತಾ?"

"ಇಲ್ಲ ಭಾವ. ಪವಿ ಏನೋ ಹೇಳ್ಬೇಕಂತೆ," ಅಂದ ಅಪ್ಪ.

ಹೇಳಿದೆ. ಮಾವ ಕೇಳಿ ನಕ್ಕುಬಿಟ್ಟರು. "ಕಾರು ಯಾವ್ದು, ಜಡೆ ಯಾವ್ದು ಅಂತ ಗೊತ್ತಾಗದ ಫೋನಿಂದೂ ತಪ್ಪಿದೆ ಬಿಡು." ಚೈತ್ರಾ ನಗಲಿಲ್ಲ. ನನ್ನ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದಳು.

"ನಾನು ನೋಡಿದ್ದೆ ಕಣೇ. ಎರಡು ಸಲನೂ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನನ್ ಹಿಂದೆ ಅಪ್ಪ ನಿಂತಿದ್ರು. ನಿನ್ ಕಡೆ ಯಾರೂ ಇರ್ಲಿಲ್ಲ. ಪಾಪ ಅನ್ನಿಸ್ತು."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ 'ಪಾಪ' ಅನ್ನುವ ಮಾತು ಮಾತ್ರ ಮೈಗೆ ಬೆಂಕಿ ಇಟ್ಟಂತಾಯಿತು. ಕಾರು ಓಡಿಸುವುದರಲ್ಲಿ ಅವಳೇ ಮುಂದೆ, ಈಗ ಒಳ್ಳೆಯತನದಲ್ಲೂ ಅವಳೇ ಮುಂದೆ. ನಾನು ಕೈ ಕೊಸರಿಕೊಂಡು ಅಪ್ಪನ ಹತ್ತಿರ ಓಡಿದೆ. ಅತ್ತೆ ಕರೆದರೂ ಕಾಫಿಗೆ ನಿಲ್ಲಲಿಲ್ಲ.

ಮುಂದಿನ ಬೇಸಿಗೆಗೆ ಅತ್ತೆ ಕರೆ ಕಳಿಸಿದಾಗ ಹೊಟ್ಟೆನೋವು ಅಂದೆ. ಅದರ ಮುಂದಿನ ವರ್ಷ ಓದುವುದಿದೆ ಅಂದೆ. ಆಮೇಲೆ ನೆಪ ಹುಡುಕುವ ಕಷ್ಟವೂ ಇರಲಿಲ್ಲ, ಯಾರೂ ಕರೆಯಲಿಲ್ಲ.

ಚೈತ್ರಾ ಈಗ ಸೊರಬದಲ್ಲಿ ನರ್ಸು. ನಾನು ಶಿಕಾರಿಪುರದಲ್ಲಿದ್ದೇನೆ, ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಹೋಗಿ ಸಂಜೆಗೆ ವಾಪಸು ಬರಬಹುದು. ಹೋಗಿಲ್ಲ. ಮದುವೆ ಮನೆಗಳಲ್ಲಿ ಸಿಕ್ಕರೆ "ಆರಾಮಾ?" "ಆರಾಮು" ಅಷ್ಟೇ. ಅವಳ ವಾಟ್ಸಾಪ್ ಸ್ಟೇಟಸ್ಸು ಮಾತ್ರ ತಪ್ಪದೆ ನೋಡುತ್ತೇನೆ. ಮೊನ್ನೆ ಜೊತೆಯ ಕೆಲಸದವರೊಂದಿಗೆ ಎಲ್ಲೋ ಹೋಗಿದ್ದಾಗಿನ ಪಟ ಹಾಕಿದ್ದಳು. ಪಕ್ಕದಲ್ಲಿ ಕೂತವಳ ಹೆಗಲ ಮೇಲೆ ಕೈ ಹಾಕಿ, ಅದೇ ಬಿದ್ದು ಬಿದ್ದು ನಗುವ ನಗು. ನಾನು ಆ ಪಟವನ್ನು ದೊಡ್ಡದು ಮಾಡಿ ನೋಡಿದೆ, ಚೈತ್ರಾಳನ್ನಲ್ಲ, ಪಕ್ಕದಲ್ಲಿ ಕೂತವಳನ್ನು. ಹೆಸರೂ ಗೊತ್ತಿಲ್ಲದ ಆ ಹೆಂಗಸಿನ ಮೇಲೆ ಇಷ್ಟು ಹೊಟ್ಟೆಕಿಚ್ಚು ಹುಟ್ಟಬಹುದು ಅಂತ ನಾನೇ ಅಂದುಕೊಂಡಿರಲಿಲ್ಲ.