ಬೆಳಗಿನ ನೀರಿನ ಸಾಲು

ಬೈರಕೂರಿನ ನಮ್ಮ ಮನೆಗೆ ಬೈಬಲ್ ಓದಿಸಲು ಬರುತ್ತಿದ್ದ ಟೀಚರಮ್ಮ, ಪುಸ್ತಕ ಮುಚ್ಚಿದೊಡನೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಓದಿದ್ದಾಯ್ತು, ಏಳ್ರಮ್ಮ" ಅನ್ನುತ್ತಿದ್ದರು.

ಒಂದು ದಿನ, ಬಾವಿಯ ಬಳಿ ಯೇಸು ನೀರು ಕೇಳಿದ ಸಮಾರ್ಯದ ಹೆಂಗಸಿನ ಕಥೆ ಓದಿದೆವು. "ಎಲ್ಲಾರೂ ಬೆಳಿಗ್ಗೆ ನೀರಿಗೆ ಬಂದ್ರೆ ಇವಳೊಬ್ಬಳು ಸುಡೋ ಬಿಸಿಲಲ್ಲಿ ಯಾಕೆ ಬಂದ್ಲು?" ಎಂದು ಅವರು ಕೇಳಿದರು. ಅಮ್ಮ ಎದುರುಮನೆಯತ್ತ ನೋಡಿದಳು. ಗಂಡನನ್ನು ಬಿಟ್ಟು ಬಂದ ಆ ಮನೆಯ ಮಗಳೂ ಊರ ಬಾಯಿಗೆ ಅಂಜಿ ಮಧ್ಯಾಹ್ನವೇ ನಲ್ಲಿಗೆ ಹೋಗುತ್ತಿದ್ದಳು.

ಮರುದಿನ ಬೆಳಿಗ್ಗೆ ಟೀಚರಮ್ಮ ಅವಳನ್ನು ಕೈಹಿಡಿದು ಕರೆತಂದು ನೀರಿನ ಸಾಲಿನ ಕೊನೆಯಲ್ಲಿ ನಿಂತರು.

"ಇವಳ ಜೊತೆ ನಿಂತ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು?" ಎಂದಳು ಒಬ್ಬಳು.

"ಹೋದ್ರೆ ಹೋಗ್ಲಿ ಬಿಡಮ್ಮ." ಅಷ್ಟು ಹೇಳಿ ಟೀಚರಮ್ಮ, ಅಮ್ಮನನ್ನೇ ನೋಡುತ್ತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

ಸಾಲಿನ ಮುಂದಿದ್ದ ಅಮ್ಮ ತನ್ನ ಬಿಂದಿಗೆಯನ್ನೆತ್ತಿ ಆ ಹುಡುಗಿಯ ಹಿಂದೆ ತಂದಿಟ್ಟಳು.