ಕಚ್ಚಿಟ್ಟ ರೊಟ್ಟಿ

ಸಿಂಗಪುರದಲ್ಲಿ ನಾವು ಹತ್ತುವುದು ಲಿಫ್ಟನ್ನು ಮಾತ್ರ. ಹಾಗಿರುವಾಗ ಮಂಡಿ ಬದಲಾಯಿಸಲೇಬೇಕು ಎಂದು ಡಾಕ್ಟರು ಹೇಳಿದ ದಿನವೇ ನನ್ನ ಹೆಂಡತಿ ವಸಂತಿ ಬೆಟ್ಟ ನೋಡಬೇಕೆಂದು ಹಟ ಹಿಡಿದಳು.

"ಹೊಸ ಮಂಡಿ ಹೇಗಿರ್ತದೋ ಯಾರಿಗೆ ಗೊತ್ತು. ಈ ಸ್ವಂತದ್ದು ಇರುವಾಗ್ಲೇ ಎಲ್ಲಾದ್ರೂ ಬೆಟ್ಟದ ಊರಲ್ಲಿ ನಡೆದು ಬರುವ ಮಾರಾಯ್ರೆ."

ನಾನು ಸಿಂಗಪುರದ ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ವಿಮಾನ ರಿಪೇರಿ ಮಾಡುವವನು. ಸವೆದ ಭಾಗ ತೆಗೆದು ಹೊಸದು ಹಾಕಿದರೆ ವಿಮಾನ ಮೊದಲಿಗಿಂತ ಚೆನ್ನಾಗಿ ಹಾರುತ್ತದೆ ಎಂದು ಧೈರ್ಯ ಹೇಳಲು ಹೋದೆ. ಆ ದಿನ ಸಾರಿನಲ್ಲಿ ಉಪ್ಪೇ ಇರಲಿಲ್ಲ. ಆಪರೇಷನ್ ಆದ ಮೇಲೆ ತಾನು ಮತ್ತೆ ನಡೆಯುವುದೇ ಇಲ್ಲ ಎಂದು ಅವಳು ಒಳಗೊಳಗೇ ತೀರ್ಮಾನಿಸಿದ್ದಳು. ಅದು ನನಗೆ ಅರ್ಥವಾಗಲು ಆ ಸಪ್ಪೆ ಸಾರೇ ಬೇಕಾಯಿತು.

ಮಗಳು ದಿಶಾ ಫೋನಿನಲ್ಲಿ ಹುಡುಕಿ ಕಿರ್ಗಿಸ್ತಾನದ ಕರಾಕೋಲ್ ಎಂಬ ಊರಿಗೆ ಟಿಕೆಟ್ ಬುಕ್ ಮಾಡಿದಳು. "ಸ್ಲೋ ಆಗಿ ನಡೀರಿ ಪಪ್ಪಾ, ಅಮ್ಮನ್ನ ರಶ್ ಮಾಡ್ಬೇಡಿ ಲಾ," ಎಂದು ಸಿಂಗಪುರದ ರಾಗದಲ್ಲಿ ಎಚ್ಚರಿಕೆಯನ್ನೂ ಕೊಟ್ಟಳು.

ನಿಧಾನವಾಗಿ ನಡೆಯಲೆಂದೇ ಮಾಡಿದ ಊರು ಅದು. ರಸ್ತೆಯ ಬದಿಗೆ ಎತ್ತರದ ಮರಗಳು, ಅವುಗಳ ಬುಡದಲ್ಲಿ ಹರಿಯುವ ಸಣ್ಣ ಕಾಲುವೆ, ಕಿಟಕಿಗಳಿಗೆ ನೀಲಿ ಬಣ್ಣ ಬಳಿದ ಮರದ ಮನೆಗಳು. ಬೇಲಿ ದಾಟಿ ಬಂದ ಸೇಬುಗಳು ದಾರಿಯಲ್ಲೇ ಬಿದ್ದಿರುತ್ತಿದ್ದವು. ಸಿಂಗಪುರದಲ್ಲಿ ನಮ್ಮ ಮನೆಯಿರುವ ಟ್ಯಾಂಪಿನೀಸಿನ ಅಂಗಡಿಯಲ್ಲಿ ಒಂದೊಂದಕ್ಕೂ ಸ್ಟಿಕ್ಕರ್ ಅಂಟಿಸಿಕೊಂಡು ಕೂರುವ ಸೇಬನ್ನು ಇಲ್ಲಿ ತುಳಿಯದಂತೆ ನಡೆಯುವುದೇ ಒಂದು ಕೆಲಸ. ಹೊರಗಿನಿಂದ ಚೀನೀ ದೇವಸ್ಥಾನದಂತೆ ಕಂಡ ಮರದ ಕಟ್ಟಡವೊಂದು ಒಳಗೆ ಹೋದರೆ ಮಸೀದಿ. ಎಲ್ಲಕ್ಕಿಂತ ಹೆಚ್ಚಾಗಿ, ಹಲವು ಮನೆಗಳ ಗೇಟಿನ ಹೊರಗೆ ಒಂದು ಬೆಂಚು. ವಸಂತಿ ಒಂದನ್ನೂ ಬಿಡದೆ ಕುಳಿತಳು. ಕುಳಿತಲ್ಲೆಲ್ಲ ಯಾರಾದರೊಬ್ಬ ಅಜ್ಜಿ ಸರಿದು ಜಾಗ ಕೊಟ್ಟು, ತನ್ನ ಮಂಡಿಯನ್ನೂ ತೋರಿಸುತ್ತಿದ್ದಳು. ಮಂಡಿನೋವಿಗೆ ಭಾಷೆ ಬೇಕಿಲ್ಲ ಎಂದು ನನಗೆ ಗೊತ್ತಾದದ್ದು ಅಲ್ಲಿ. ಹಿಂದೆ ಈ ಸೀಮೆಯಲ್ಲಿ ಒಂಟೆಗಳ ಸಾಲು ಹಾದುಹೋಗುತ್ತಿತ್ತಂತೆ. ಒಂಟೆಯ ಮಂಡಿಗೆ ದಪ್ಪ ಚರ್ಮದ ಗಾದಿ ಹೊಲಿದು ಕಳಿಸಿದ ದೇವರು ನಮ್ಮ ಉಡುಪಿಯ ಹೆಂಗಸರನ್ನು ಯಾಕೆ ಮರೆತನೋ.

ಕೊನೆಯ ದಿನ ಊರಾಚೆ ಹೊಳೆಯ ಪಕ್ಕದ ಹಾದಿ ಹಿಡಿದೆವು. ಮರದ ಸೇತುವೆಯೊಂದರ ಮೇಲೆ ಅವಳು ನಿಂತುಬಿಟ್ಟಳು. ಎದುರಿಗೆ ಹಿಮ ಹೊತ್ತ ಬೆಟ್ಟ.

"ಇಲ್ಲಿವರೆಗೆ ಬಂದದ್ದೇ ದೊಡ್ಡದು. ಇನ್ನು ಬರ್ಲಿಕ್ಕೆ ಆಗ್ಲಿಕ್ಕಿಲ್ಲ," ಎಂದು ಅತ್ತಳು. ನನಗೂ ಅಳು ಬಂತು. ಗಾಳಿಗೆ ಕಣ್ಣುರಿ ಎಂದೆ.

ಮರುದಿನ ಹೊರಡುವಾಗ ನಾವು ಉಳಿದುಕೊಂಡಿದ್ದ ಮನೆಯ ಯಜಮಾನತಿ ಗುಲ್ಸಾರಾ ದುಂಡನೆಯ ದಪ್ಪ ರೊಟ್ಟಿಯೊಂದನ್ನು ಮುಂದೆ ಹಿಡಿದಳು. ಫೋನಿನ ಅನುವಾದ ಹೇಳಿದ್ದಿಷ್ಟು: ದೂರ ಹೋಗುವವರು ರೊಟ್ಟಿಯ ಅಂಚು ಕಚ್ಚಿ ಹೋಗಬೇಕು. ಉಳಿದದ್ದನ್ನು ಗೋಡೆಗೆ ತೂಗುಹಾಕಿ, ಅವರು ತಿರುಗಿ ಬಂದು ಮುಗಿಸುವ ತನಕ ಇಡುತ್ತಾರೆ. ಒಣಗಿ ಕಲ್ಲಾದರೂ ಬಿಸಾಡುವುದಿಲ್ಲ.

ನಾನು ಬೆರಳಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಲೋಟಕ್ಕೆ ತುಟಿ ತಾಗಿಸದೆ ನೀರನ್ನೂ ಎತ್ತಿ ಕುಡಿಯಲು ಕಲಿತವನು ನಾನು. ಪರರ ಮನೆಯ ರೊಟ್ಟಿಯನ್ನು ಎಂಜಲು ಮಾಡುವುದುಂಟೆ? ಗುಲ್ಸಾರಾ ಹಾಗಲ್ಲವೆಂದು ತಲೆಯಾಡಿಸಿ ತನ್ನ ಹಲ್ಲು ತೋರಿಸಿದಳು. ಬೆರಳು ಯಾರದ್ದೂ ಆಗಬಹುದು, ಹಲ್ಲಿನ ಗುರುತೇ ಬೇಕು. ನಾನು ಸಂಕೋಚದಿಂದ ನಿಂತಿರುವಾಗ ವಸಂತಿ ಮುಂದೆ ಬಂದು ಗಬಕ್ಕನೆ ಕಚ್ಚಿದಳು. ರೊಟ್ಟಿ ಮೊಳೆ ಸೇರಿತು, ನಮ್ಮ ಕಾರೂ ಬಂತು.

ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆ ಮನೆಯಲ್ಲಿ ನೀರುದೋಸೆ. ಕೊನೆಯದನ್ನು ನಾನು ಅವಳ ಬಾಯಿಯ ಹತ್ತಿರ ಹಿಡಿದೆ.

"ಮಕ್ಕಳ ಹಾಗೆ ಎಂಥದು ನಿಮ್ಮದು," ಎಂದಳು. ಆದರೆ ಕಚ್ಚಿದಳು. ಉಳಿದದ್ದನ್ನು ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಟ್ಟೆ.

ಆಪರೇಷನ್ ಆಗಿ ವಾಕರ್ ಹಿಡಿದು ಲಿಫ್ಟಿನಿಂದ ಇಳಿದವಳು ಸೋಫಾದಲ್ಲಿ ಕುಳಿತು ಮೊದಲು ಕೇಳಿದ್ದು, "ನನ್ನ ದೋಸೆ ಎಲ್ಲಿ?"

ಬಿಸಿ ಮಾಡಿದರೆ ಅದು ಚಪ್ಪಲಿಯಾಗಿತ್ತು. ಅರ್ಧ ತಿಂದು, ನೋವಿಗೆ ಸೋತು, ತಟ್ಟೆ ದೂಡಿ "ಬಿಸಾಡಿ" ಎಂದಳು. ಆ ಧ್ವನಿಯಲ್ಲಿ ಅವಳು ಬಿಸಾಡುತ್ತಿದ್ದದ್ದು ಬರೀ ದೋಸೆಯನ್ನಲ್ಲ. ನಾನು ತಟ್ಟೆ ಎಳೆದುಕೊಂಡು ಉಳಿದದ್ದನ್ನು ತಿಂದೆ. ಗಂಡ ಉಂಡ ಎಲೆಯಲ್ಲಿ ಹೆಂಡತಿ ಉಣ್ಣುವುದನ್ನು ನಮ್ಮ ಅಜ್ಜಿಯ ಕಾಲ ಕಂಡಿತ್ತು. ಹೆಂಡತಿ ಕಚ್ಚಿದ್ದನ್ನು ಗಂಡ ತಿನ್ನುವುದನ್ನು ಯಾವ ಕಾಲವೂ ಕಂಡಂತಿಲ್ಲ.

"ಅದು ಎಂಜಲು ಮಾರಾಯ್ರೆ."

"ಗೊತ್ತುಂಟು."

ಅವಳು ವಾಕರನ್ನು ಹತ್ತಿರ ಎಳೆದುಕೊಂಡಳು.

"ಏಳಿ, ಬಾಗಿಲ ತನಕ ಒಮ್ಮೆ ಹೋಗಿ ಬರುವ. ನಾಳೆ ಲಿಫ್ಟಿಳಿದು ಕಟ್ಟಡದ ಬುಡದ ವಾಯ್ಡ್ ಡೆಕ್ ತನಕ. ಆ ರೊಟ್ಟಿ ನಾನೇ ಹೋಗಿ ಮುಗಿಸ್ಬೇಕಲ್ಲ, ಅದ್ರಲ್ಲಿ ನಿಮ್ಮ ಹಲ್ಲೇ ಇಲ್ಲ."

ನಿಜ, ಆ ಗೋಡೆಯ ಮೇಲೆ ನನಗಾಗಿ ಏನೂ ಕಾಯುತ್ತಿಲ್ಲ. ಎರಡೂ ಕೈ ಚಾಚಿಕೊಂಡು ಅವಳ ಹಿಂದೆ ಬಾಗಿಲ ತನಕ ನಡೆದೆ. ಆದರೆ ಅವಳ ಎಂಜಲಿನಲ್ಲಿ ಈಗ ನನಗೂ ಒಂದು ಪಾಲಿದೆ.